ನಿಯಮವನ್ನೇ ಡೇಟಾಬೇಸ್‌ನಲ್ಲಿಡುವುದೇ, ಅಂಕಿಗಳನ್ನಷ್ಟೇ ಇಡುವುದೇ?

ವಸತಿಗೃಹಗಳ ಬಿಲ್ಲಿಂಗ್ ತಂತ್ರಾಂಶವೊಂದಕ್ಕೆ ಡ್ರೂಲ್ಸ್ ಎಂಬ ನಿಯಮ ಎಂಜಿನ್ (ಬರೆದಿಟ್ಟ ನಿಯಮಗಳನ್ನು ಮಾಹಿತಿಗೆ ಅನ್ವಯಿಸುವ ತಂತ್ರಾಂಶ) ಅಳವಡಿಸುವಾಗ ಜಿಎಸ್‌ಟಿ ನಿಯಮಗಳನ್ನು ಮೂರು ಬಗೆಯಲ್ಲಿ ಇಟ್ಟು ನೋಡಿದ್ದೇನೆ. ಕೊಠಡಿ ಬಾಡಿಗೆಯ ತೆರಿಗೆ ಈ ಪರೀಕ್ಷೆಗೆ ಹೇಳಿ ಮಾಡಿಸಿದ ವಿಷಯ. ದಿನಕ್ಕೆ 1,000 ರೂಪಾಯಿವರೆಗಿನ ಕೊಠಡಿಗಿದ್ದ ವಿನಾಯಿತಿ 2022ರ ಜುಲೈ 18ರಂದು ರದ್ದಾಗಿ ಶೇ 12ರ ದರ ಬಂತು. 2025ರ ಸೆಪ್ಟೆಂಬರ್ 22ರಿಂದ 7,500 ರೂಪಾಯಿವರೆಗಿನ ಕೊಠಡಿಗಳ ದರ ಶೇ 5ಕ್ಕೆ ಇಳಿಯಿತು; ಅದಕ್ಕೆ ಮೇಲ್ಪಟ್ಟವುಗಳಿಗೆ ಶೇ 18 ಹಾಗೆಯೇ ಉಳಿಯಿತು.

ಮೊದಲು ಡ್ರೂಲ್ಸ್‌ನ ನಿಯಮಭಾಷೆಯಾದ ಡಿಆರ್‌ಎಲ್‌ನಲ್ಲಿ ಬರೆದ ಪಠ್ಯವನ್ನು ಇಡಿಯಾಗಿ ಡೇಟಾಬೇಸ್‌ನ ಒಂದು ಕಾಲಂಗೆ ತುಂಬಿ, ಸರ್ವರ್ ಚಾಲೂ ಆದಾಗ ಓದಿ ಕಂಪೈಲ್ ಮಾಡಿಸಿದೆ, ಅಂದರೆ ಓಡಬಲ್ಲ ರೂಪಕ್ಕೆ ತಂದೆ. ಪ್ರೋಗ್ರಾಂ ಮುಟ್ಟದೆ ನಿಯಮ ಬದಲಿಸಬಹುದೆಂಬ ಸುಖ ಹೆಚ್ಚು ದಿನ ಉಳಿಯಲಿಲ್ಲ. ವಾಟ್ಸಾಪ್‌ನಿಂದ ನಕಲಿಸಿ ಅಂಟಿಸಿದ ಒಂದು ನಿಯಮದಲ್ಲಿ ಕೋಡ್‌ಗೆ ಬೇಕಾದ ನೇರ ಚಿಹ್ನೆಗಳ ಬದಲು ಬಾಗಿದ ಉದ್ಧರಣ ಚಿಹ್ನೆಗಳಿದ್ದುದರಿಂದ ಆ ಸಾಲಷ್ಟೇ ಅಲ್ಲ, ಇಡೀ ನಿಯಮಸಮೂಹವೇ ಕಂಪೈಲ್ ಆಗದೆ ನಿಂತಿತು. ಇದಕ್ಕಿಂತ ಗಂಭೀರವಾದ ತೊಡಕು ಬೇರೊಂದಿದೆ: ನಿಯಮದ ಕ್ರಿಯಾಭಾಗದಲ್ಲಿರುವುದು ಜಾವಾ ಕೋಡ್ ಆದ್ದರಿಂದ, ಆ ಟೇಬಲ್‌ಗೆ ಬರೆಯುವ ಅನುಮತಿಯಿರುವ ಯಾರೇ ಆದರೂ ಸರ್ವರ್‌ನಲ್ಲಿ ತಮಗೆ ಬೇಕಾದುದನ್ನು ಓಡಿಸಬಲ್ಲರು.

ನಿಯಮಗಳನ್ನು ಗಿಟ್‌ನಲ್ಲಿ (ಕೋಡ್‌ನ ಬದಲಾವಣೆಗಳನ್ನು ದಾಖಲಿಸಿಡುವ ವ್ಯವಸ್ಥೆ) ಇಟ್ಟು, ಜಾರ್ ಎಂಬ ಜಾವಾ ಕಡತವಾಗಿ ಕಟ್ಟಿ ಬಿಡುಗಡೆ ಮಾಡುವ ಎರಡನೆಯ ಕ್ರಮದಲ್ಲಿ ಪರಿಶೀಲನೆ, ಪರೀಕ್ಷೆ, ಇತಿಹಾಸ ಎಲ್ಲವೂ ಅಚ್ಚುಕಟ್ಟು. ಆದರೆ ಒಂದು ಅಂಕಿ ಬದಲಾಗಲೂ ಪ್ರೋಗ್ರಾಮರ್ ಬೇಕು.

ಈಗ ಉಳಿಸಿಕೊಂಡಿರುವುದು ಮೂರನೆಯದು. ಬಾಡಿಗೆಯ ಮಿತಿ, ದರ, ಜಾರಿಯ ಅವಧಿ ಇಷ್ಟನ್ನು ಟೇಬಲ್‌ನಲ್ಲಿಟ್ಟು, ಆ ಸಾಲುಗಳನ್ನು ಎಂಜಿನ್ನಿಗೆ ಫ್ಯಾಕ್ಟ್‌ಗಳಾಗಿ, ಅಂದರೆ ನಿಯಮ ಪರಿಶೀಲಿಸುವ ಮಾಹಿತಿಯಾಗಿ, ಕೊಡುತ್ತೇನೆ. ಅವುಗಳನ್ನು ಬಿಲ್ಲಿನೊಂದಿಗೆ ಹೊಂದಿಸುವ ನಿಯಮ ಮಾತ್ರ ಗಿಟ್‌ನಲ್ಲಿದೆ. ದರ ಬದಲಾದರೆ ಹೊಸ ಸಾಲು ಸೇರುತ್ತದೆ. ಕಂಪೈಲ್ ಮಾಡುವ ಗೋಜಿಲ್ಲ. ಹಳೆಯ ಸಾಲನ್ನು ಅಳಿಸಬಾರದು, ಅದರ ಅವಧಿಯನ್ನಷ್ಟೇ ಮುಗಿಸಬೇಕು. ಏಕೆಂದರೆ ಹಿಂದೆ ಶೇ 12ರಂತೆ ಕೊಟ್ಟ ಬಿಲ್ಲಿಗೆ ದರ ಇಳಿದ ಮೇಲೆ ಅಕ್ಟೋಬರ್‌ನಲ್ಲಿ ಕ್ರೆಡಿಟ್ ನೋಟ್ (ಬಿಲ್ಲಿನ ಮೊತ್ತವನ್ನು ಕಡಿಮೆ ಮಾಡುವ ಪತ್ರ) ಬರೆದರೂ ಅದು ಶೇ 12ರಲ್ಲೇ ಇರಬೇಕು. ಡಿಆರ್‌ಎಲ್‌ನಲ್ಲಿಯೇ ಇರುವ ಜಾರಿ ದಿನಾಂಕದ ಸೌಲಭ್ಯ ಇಲ್ಲಿ ನನ್ನನ್ನು ಮೋಸಗೊಳಿಸಿತ್ತು: ಅದು ನೋಡುವುದು ಎಂಜಿನ್ನಿನ ಗಡಿಯಾರವನ್ನು, ಬಿಲ್ಲಿನ ದಿನಾಂಕವನ್ನಲ್ಲ.

ದರ ಬದಲಾವಣೆಯ ಆಸುಪಾಸಿನ ವ್ಯವಹಾರಗಳಿಗೆ ಕೇಂದ್ರ ಜಿಎಸ್‌ಟಿ (ಸಿಜಿಎಸ್‌ಟಿ) ಕಾಯ್ದೆಯ 14ನೆಯ ಸೆಕ್ಷನ್ ಸೇವೆ, ಬಿಲ್ಲು, ಪಾವತಿ ಎಂಬ ಮೂರು ದಿನಾಂಕಗಳನ್ನು ಕೇಳುತ್ತದೆ; ಅವುಗಳಲ್ಲಿ ಎರಡು ಯಾವ ಬದಿಯಲ್ಲಿವೆಯೋ ಆ ಬದಿಯ ದರವೇ ಅನ್ವಯಿಸುತ್ತದೆ. ಈ ತರ್ಕವನ್ನು ಕಾಲಂಗಳಿಗೆ ಒಡೆದು ತುಂಬಲು ಹೊರಟವರು ಕೊನೆಗೆ ತಮ್ಮದೇ ಒಂದು ಕಳಪೆ ಪ್ರೋಗ್ರಾಮಿಂಗ್ ಭಾಷೆಯನ್ನು ಹುಟ್ಟಿಸಿರುತ್ತಾರೆ. ನಾನೂ ಒಂದು ವಾರ ಆ ಹುಚ್ಚಿನಲ್ಲಿದ್ದೆ.

ಮೂರನೆಯ ಕ್ರಮಕ್ಕೂ ಕಾವಲು ಬೇಕು. 7,500 ರೂಪಾಯಿ ಎರಡು ಸಾಲುಗಳಿಗೂ ಹೊಂದಿದರೆ ಒಂದೇ ಕೊಠಡಿಗೆ ಎರಡು ದರ ಬೀಳುತ್ತದೆ. ಆದ್ದರಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿ ಬಾಡಿಗೆಯನ್ನೂ ಅವಧಿಯನ್ನೂ ರೇಂಜ್ (ಇಷ್ಟರಿಂದ ಇಷ್ಟರವರೆಗೆ ಎಂಬ ವ್ಯಾಪ್ತಿಯ) ಕಾಲಂಗಳಾಗಿಸಿ, ಎರಡೂ ಒಟ್ಟಿಗೆ ಅತಿಕ್ರಮಿಸುವ ಸಾಲುಗಳನ್ನು ಡೇಟಾಬೇಸೇ ತಿರಸ್ಕರಿಸುವಂತೆ ನಿರ್ಬಂಧ ಹಾಕಿದ್ದೇನೆ. ಆ ನಿರ್ಬಂಧ ಸಾಲುಗಳ ನಡುವಿನ ಖಾಲಿ ಜಾಗವನ್ನು ಹಿಡಿಯುವುದಿಲ್ಲ. ಹಾಗಾಗಿ ಯಾವ ಸಾಲೂ ಹೊಂದದಿದ್ದಾಗ ತೆರಿಗೆಯನ್ನು ಸೊನ್ನೆ ಎಂದು ಎಣಿಸದೆ ಬಿಲ್ಲನ್ನೇ ತಡೆಹಿಡಿಯುವ ಇನ್ನೊಂದು ನಿಯಮವನ್ನು ಗಿಟ್‌ನಲ್ಲಿ ಸೇರಿಸಿದ್ದೇನೆ.