ಹಗಲಿಗೆ ಸೈ, ರಾತ್ರಿಗೆ ಸಾಲದು: ತೆಳು ಮುಟ್ಟಿನ ಪ್ಯಾಡೊಂದರ ನಾಲ್ಕು ತಿಂಗಳ ಬಳಕೆ

ಮುಟ್ಟಿನ ಪ್ಯಾಡನ್ನು ಒಂದೆರಡು ದಿನ ಬಳಸಿ ಅಭಿಪ್ರಾಯ ಹೇಳುವುದು ನ್ಯಾಯವಲ್ಲ. ಸ್ರಾವವು ಮೊದಲ ದಿನ ಒಂದು ಬಗೆಯಾದರೆ ಎರಡನೆಯ ದಿನ ಇನ್ನೊಂದು ಬಗೆ. ಒಂದು ತಿಂಗಳಿನಂತೆ ಮತ್ತೊಂದು ತಿಂಗಳು ಇರುವುದಿಲ್ಲ. ಆದ್ದರಿಂದ ಈ ಪ್ಯಾಡನ್ನು ನಾಲ್ಕು ತಿಂಗಳು ಬಳಸಿದ ನಂತರವೇ ಬರೆಯಲು ಕುಳಿತಿದ್ದೇನೆ. ಇದು 290 ಮಿಲಿಮೀಟರ್ ಉದ್ದದ, ರೆಕ್ಕೆಗಳಿರುವ, ಸುಗಂಧ ಸೇರಿಸದ ತೆಳು ಪ್ಯಾಡ್. ಯಾವ ಕಡೆಯಿಂದಲೂ ಸೋರದಂತೆ ರೂಪಿಸಲಾಗಿದೆ ಎಂಬುದು ತಯಾರಕರ ಮಾತು. ಹಗಲಿನ ಮಟ್ಟಿಗೆ ಆ ಮಾತು ಬಹುಪಾಲು ನಿಜ. ರಾತ್ರಿಯ ಮಟ್ಟಿಗೆ ನಿಜವಲ್ಲ.

ಇದಕ್ಕೂ ಮೊದಲು ನಾನು ಬಳಸುತ್ತಿದ್ದ ದಪ್ಪ ಪ್ಯಾಡುಗಳು ಸೋರಿದಾಗಲೆಲ್ಲ, ಅವು ಹೀರಿಕೊಳ್ಳುವ ಪ್ರಮಾಣ ಸಾಲದೆಂದೇ ಭಾವಿಸಿ ಇನ್ನೂ ದಪ್ಪದ್ದನ್ನು ಕೊಳ್ಳುತ್ತಿದ್ದೆ. ಒಮ್ಮೆ ಸೋರಿದ ಪ್ಯಾಡನ್ನು ಎಸೆಯುವ ಮುನ್ನ ಗಮನವಿಟ್ಟು ನೋಡಿದಾಗ ಆ ತಿಳಿವಳಿಕೆಯೇ ತಪ್ಪೆಂದು ಗೊತ್ತಾಯಿತು. ಮುಂದಿನ ತುದಿ ಒಣಗಿತ್ತು, ಹಿಂದಿನ ತುದಿಯೂ ಒಣಗಿತ್ತು. ನಡುವಿನ ಅಂಗೈಯಗಲದ ಜಾಗವಷ್ಟೇ ತೊಯ್ದು, ಅಲ್ಲಿಂದ ಪಕ್ಕದ ಅಂಚಿಗೆ ಹರಿದಿತ್ತು. ಮುಟ್ಟಿನ ಅಷ್ಟೂ ದಿನಗಳಲ್ಲಿ ಹೋಗುವ ರಕ್ತ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರಿನಷ್ಟು; 80 ಮಿಲಿಲೀಟರ್ ಮೀರಿದರೆ ಅದನ್ನು ಅತಿಸ್ರಾವವೆಂದು ವೈದ್ಯಶಾಸ್ತ್ರ ಪರಿಗಣಿಸುತ್ತಾ ಬಂದಿದೆ. ರಕ್ತದ ಜೊತೆಗೆ ಲೋಳೆ, ಗರ್ಭಕೋಶದ ಒಳಪದರದ ಚೂರುಗಳು ಮತ್ತು ಇತರ ದ್ರವಗಳೂ ಇರುವುದರಿಂದ ಒಟ್ಟು ಸ್ರಾವ ಇದಕ್ಕಿಂತ ಹೆಚ್ಚೇ ಆದರೂ, ಒಂದು ಪ್ಯಾಡಿನ ಪಾಲಿಗೆ ಬರುವುದು ದೊಡ್ಡ ಪ್ರಮಾಣವೇನಲ್ಲ. ಬಹಳಷ್ಟು ಸಲ ಪ್ಯಾಡ್ ತುಂಬಿ ಸೋರುವುದಿಲ್ಲ, ತುಂಬುವ ಮೊದಲೇ ಸೋರುತ್ತದೆ.

ಹಾಗೆ ಸೋರಲು ಎರಡು ಕಾರಣಗಳನ್ನು ಮುಖ್ಯವಾಗಿ ಹೇಳಬಹುದು. ಸ್ರಾವವು ಗಂಟೆಗಿಷ್ಟು ಎಂದು ಸಮನಾಗಿ ಇಳಿಯುವುದಿಲ್ಲ. ಬಹಳ ಹೊತ್ತು ಕುಳಿತು ಎದ್ದಾಗ, ಕೆಮ್ಮಿದಾಗ, ಸೀನಿದಾಗ ಒಮ್ಮೆಗೇ ಬರುತ್ತದೆ, ಮತ್ತು ಆ ಕ್ಷಣದಲ್ಲಿ ಮೇಲ್ಪದರವು ಅದನ್ನು ಒಳಗೆ ಬಿಟ್ಟುಕೊಳ್ಳುವಷ್ಟು ಚುರುಕಾಗಿಲ್ಲದಿದ್ದರೆ ದ್ರವವು ಮೇಲೆಯೇ ಜಾರಿ ಅಂಚನ್ನು ಸೇರುತ್ತದೆ. ಎರಡನೆಯದು ಆಕಾರಕ್ಕೆ ಸಂಬಂಧಿಸಿದ್ದು. ಪೊಟ್ಟಣದಿಂದ ತೆಗೆದಾಗ ಚಪ್ಪಟೆಯಾಗಿರುವ ಪ್ಯಾಡ್, ನಾಲ್ಕು ಹೆಜ್ಜೆ ನಡೆಯುವಷ್ಟರಲ್ಲಿ ಎರಡು ತೊಡೆಗಳ ನಡುವೆ ಸಿಕ್ಕಿ ಮುದುಡುತ್ತದೆ. ಆರೇಳು ಸೆಂಟಿಮೀಟರ್ ಅಗಲದ ಹಾಸು ಹಗ್ಗದಂತೆ ಹೊಸೆದುಕೊಂಡ ಮೇಲೆ ಅದರ ಹೀರುವ ಮೈಯಲ್ಲಿ ಉಪಯೋಗಕ್ಕೆ ಬರುವುದು ಸಣ್ಣ ಭಾಗ ಮಾತ್ರ.

ಈ ಪ್ಯಾಡಿನ ವಿನ್ಯಾಸಕಾರರು ಹೆಚ್ಚು ಶ್ರಮ ಹಾಕಿರುವುದು ಈ ಎರಡನೆಯ ತೊಂದರೆಯ ಮೇಲೆ ಎಂಬುದು ಕೈಯಲ್ಲಿ ಹಿಡಿದು ನೋಡಿದರೆ ತಿಳಿಯುತ್ತದೆ. ನಡುವಿನ ತಿರುಳಿನ ಎರಡೂ ಬದಿಗೆ ಉದ್ದಕ್ಕೂ ಒತ್ತಿ ಮೂಡಿಸಿದ ಚಡಿಗಳಿವೆ. ತೊಡೆಗಳು ಒತ್ತಿದಾಗ ಪ್ಯಾಡ್ ಎಲ್ಲೆಂದರಲ್ಲಿ ಮುದುಡದೆ ಈ ಚಡಿಗಳ ಗುಂಟ ಮಡಚಿಕೊಳ್ಳುತ್ತದೆ. ಅಂಚುಗಳು ಮೇಲೇಳುತ್ತವೆ, ನಡುಭಾಗ ದೇಹಕ್ಕೆ ತಾಗಿಕೊಂಡೇ ಉಳಿಯುತ್ತದೆ. ಒತ್ತಿದ ಜಾಗದಲ್ಲಿ ನಾರು ದಟ್ಟವಾಗಿರುವುದರಿಂದ ಪಕ್ಕಕ್ಕೆ ಹೊರಟ ದ್ರವವು ಅಲ್ಲಿ ಚಡಿಯನ್ನು ಹಿಡಿದು ಉದ್ದಕ್ಕೆ ಸಾಗುತ್ತದೆ. ಬಳಸಿದ ಪ್ಯಾಡುಗಳಲ್ಲಿ ಕಲೆಯು ನೀಳವಾಗಿ ಹರಡಿದ್ದನ್ನು ಕಂಡಾಗ ನನಗೆ ನಿಜಕ್ಕೂ ಸಂತೋಷವಾಯಿತು. ನಾಲ್ಕು ತಿಂಗಳಲ್ಲಿ ಹಗಲು ಹೊತ್ತು ಪಕ್ಕದಿಂದ ಸೋರಿದ್ದು ಒಂದೇ ಒಂದು ಸಲ, ಅದೂ ರೆಕ್ಕೆಯನ್ನು ನಾನು ಸರಿಯಾಗಿ ಮಡಚದೆ ಇದ್ದಾಗ.

ಮೊದಲ ತೊಂದರೆಯನ್ನೂ ಇದು ಸಾಕಷ್ಟು ಚೆನ್ನಾಗಿ ನಿಭಾಯಿಸುತ್ತದೆ. ಮೇಲ್ಪದರದ ಕೆಳಗೆ ಸಡಿಲ ನಾರಿನ ಇನ್ನೊಂದು ತೆಳು ಪದರವಿದ್ದು, ಒಮ್ಮೆಗೇ ಬಂದ ದ್ರವವನ್ನು ಹಿಡಿದಿಟ್ಟು, ತಿರುಳಿಗೆ ನಿಧಾನವಾಗಿ ಹಂಚುವುದು ಅದರ ಕೆಲಸ. ಒಳ್ಳೆಯ ಪ್ಯಾಡಿನಲ್ಲಿ ಮೇಲಿನಿಂದ ಕೆಳಕ್ಕೆ ಹೋದಂತೆ ನಾರುಗಳ ನಡುವಿನ ಸಂದುಗಳು ಕಿರಿದಾಗುತ್ತಾ ಹೋಗುತ್ತವೆ. ಕಿರಿದಾದ ಸಂದಿಗೆ ಎಳೆಯುವ ಬಲ ಹೆಚ್ಚಾದ್ದರಿಂದ ದ್ರವ ಕೆಳಕ್ಕೆ ಇಳಿಯುತ್ತದೆ, ಸುಲಭವಾಗಿ ಹಿಂದಿರುಗುವುದಿಲ್ಲ. ತಿರುಳಿನಲ್ಲಿ ಮರದ ನಾರಿನ ಜೊತೆ ಸೋಡಿಯಂ ಪಾಲಿಅಕ್ರಿಲೇಟ್ ಎಂಬ ಹರಳುಪುಡಿಯಿದೆ. ತೆಳು ಪ್ಯಾಡುಗಳು ಸಾಧ್ಯವಾಗಿರುವುದೇ ಇಂಥ ಪುಡಿಯಿಂದ.

ಆದರೆ ಪೊಟ್ಟಣದ ಮೇಲಿನ ಹೀರುವ ಪ್ರಮಾಣವನ್ನು ನಂಬಿ ಯಾರೂ ಲೆಕ್ಕ ಹಾಕಬಾರದು ಎಂದು ನಾನು ಒತ್ತಿ ಹೇಳುತ್ತೇನೆ. ಈ ಪುಡಿ ಶುದ್ಧ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರಬಲ್ಲದು; ಉಪ್ಪಿರುವ ದ್ರವ ಸಿಕ್ಕಾಗ ಆ ಶಕ್ತಿ ಹಲವು ಪಟ್ಟು ಕುಗ್ಗುತ್ತದೆ. ರಕ್ತದಲ್ಲಿ ಉಪ್ಪಿನ ಜೊತೆ ಕಣಗಳೂ ಪ್ರೋಟೀನುಗಳೂ ಇರುತ್ತವೆ, ಅವು ಹರಳಿನ ಸುತ್ತ ಅಡ್ಡಗಟ್ಟುತ್ತವೆ. ಹೀಗಿದ್ದರೂ ಮುಟ್ಟಿನ ಉತ್ಪನ್ನಗಳ ಸಾಮರ್ಥ್ಯವನ್ನು ಬಹುಕಾಲ ಅಳೆಯುತ್ತಾ ಬಂದದ್ದು ನೀರಿನಿಂದ ಅಥವಾ ಉಪ್ಪುನೀರಿನಿಂದ. ಅಮೆರಿಕದ ಒರೆಗಾನ್ ಆರೋಗ್ಯ ಮತ್ತು ವಿಜ್ಞಾನ ವಿಶ್ವವಿದ್ಯಾಲಯದ ಸಂಶೋಧಕರು ಪ್ಯಾಡ್, ದೇಹದೊಳಗೆ ಇರಿಸಿಕೊಳ್ಳುವ ಟ್ಯಾಂಪನ್ ಮತ್ತು ಮುಟ್ಟಿನ ಕಪ್‌ಗಳನ್ನು ಮನುಷ್ಯರ ರಕ್ತದಿಂದಲೇ ಅಳೆದು ಹೋಲಿಸಿ ಪ್ರಕಟಿಸಿದ್ದು 2023ರಲ್ಲಿ. ಅಷ್ಟು ತಡವಾಯಿತಲ್ಲ ಎಂಬ ನೋವು ನನಗಿದೆ. ಜಾಹೀರಾತಿನ ನೀಲಿ ನೀರು ಸರಾಗವಾಗಿ ಇಂಗುವುದನ್ನು ನೋಡಿ ಕೊಂಡ ಎಷ್ಟೋ ಹೆಣ್ಣುಮಕ್ಕಳು, ಸೋರಿದಾಗ ತಾವೇ ಏನೋ ತಪ್ಪು ಮಾಡಿದೆವೆಂದು ಕುಗ್ಗಿಹೋಗಿದ್ದಾರೆ.

ಮೈಗೆ ಹಿತವೇ ಎಂಬ ಪ್ರಶ್ನೆಗೆ ಉತ್ತರ ಅಷ್ಟು ಸರಳವಲ್ಲ. ತೂತುಗಳಿರುವ ಪ್ಲಾಸ್ಟಿಕ್ ಹಾಳೆಯ ಮೇಲ್ಪದರ ಮೇಲೆ ಒಣಗಿದಂತೆ ಕಂಡರೂ ಸೆಖೆಯಲ್ಲಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಹತ್ತಿಯ ಮೇಲ್ಪದರ ಮೆತ್ತಗಿದ್ದರೂ ತಾನೇ ತೇವವನ್ನು ಹಿಡಿದುಕೊಳ್ಳುತ್ತದೆ. ಈ ಪ್ಯಾಡಿನದು ಇವೆರಡರ ನಡುವಿನ, ಬಟ್ಟೆಯಂತಿರುವ ಪಾಲಿಪ್ರೊಪಿಲೀನ್ ನಾರಿನ ಹಾಸು. ಮೊದಲ ಮೂರು ಗಂಟೆ ಹೊತ್ತು ಇದನ್ನು ಧರಿಸಿದ್ದೇ ಮರೆತುಹೋಗುವಷ್ಟು ಹಗುರವಾಗಿತ್ತು. ನಾಲ್ಕನೆಯ ಗಂಟೆಯ ನಂತರ, ವಿಶೇಷವಾಗಿ ಗಟ್ಟಿ ಕುರ್ಚಿಯ ಮೇಲೆ ಕುಳಿತಿದ್ದಾಗ, ಒತ್ತಡಕ್ಕೆ ಸ್ವಲ್ಪ ತೇವ ಮೇಲೆ ಬರುವುದು ಅನುಭವಕ್ಕೆ ಬರುತ್ತದೆ. ತಳಪದರ ಆವಿಯನ್ನು ಹೊರಬಿಡುವ ಬಗೆಯದಾದ್ದರಿಂದ ಬೆವರು ಕಡಿಮೆ. ಹಿಂದಿನ ಪ್ಯಾಡುಗಳಿಂದ ಮೂರನೆಯ ದಿನ ತೊಡೆಯ ಸಂದಿಯಲ್ಲಿ ಏಳುತ್ತಿದ್ದ ಕೆಂಪು ದದ್ದು ಈ ನಾಲ್ಕು ತಿಂಗಳಲ್ಲಿ ಕಾಣಿಸಿಕೊಳ್ಳಲಿಲ್ಲ. ಸುಗಂಧವಿಲ್ಲದಿರುವುದೂ ಇದಕ್ಕೆ ಕಾರಣವಿರಬಹುದು, ಏಕೆಂದರೆ ಸುಗಂಧದ ರಾಸಾಯನಿಕಗಳು ಸೂಕ್ಷ್ಮ ಚರ್ಮವನ್ನು ಕೆರಳಿಸಬಲ್ಲವು. ಸುಗಂಧವಿಲ್ಲದ ಪ್ಯಾಡನ್ನು ವಿಶೇಷ ಬಗೆಯೆಂದು ಮಾರದೆ, ಎಲ್ಲ ಪ್ಯಾಡುಗಳನ್ನೂ ಹಾಗೆಯೇ ತಯಾರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ರೆಕ್ಕೆಗಳ ವಿಷಯದಲ್ಲಿ ನನ್ನ ದೂರಿದೆ. ಅಂಟು ಬರುವ ಮೊದಲು ಪ್ಯಾಡನ್ನು ಸೊಂಟಕ್ಕೆ ಕಟ್ಟಿದ ಪಟ್ಟಿಗೆ ಸಿಕ್ಕಿಸಿಕೊಳ್ಳಬೇಕಿತ್ತು. ಅಮೆರಿಕದ ಕಪ್ಪು ಮಹಿಳೆ ಮೇರಿ ಕೆನ್ನರ್ ಅವರು ಅಂಥ ಪಟ್ಟಿಯೊಂದನ್ನು ಸುಧಾರಿಸಿ 1956ರಲ್ಲಿ ಪೇಟೆಂಟ್ ಪಡೆದರು. ಆ ಕಷ್ಟವನ್ನು ನೀಗಿಸಿದ ಅಂಟಿನ ಬಗ್ಗೆ ನನಗೆ ಕೃತಜ್ಞತೆಯೇ ಇದೆ. ಆದರೆ ಈ ಪ್ಯಾಡಿನ ರೆಕ್ಕೆಯ ಅಂಟು ತೀರ ಅಂಚಿನವರೆಗೂ ಬಂದಿದೆ. ಒಳಉಡುಪು ಸ್ವಲ್ಪ ಕಿರಿದಾಗಿದ್ದರೆ ರೆಕ್ಕೆಯ ತುದಿ ಮಡಿಕೆಯಿಂದ ಬಿಟ್ಟುಕೊಂಡು ತೊಡೆಯ ಚರ್ಮಕ್ಕೆ ಅಂಟುತ್ತದೆ, ನಡೆದಾಗ ಕೂದಲನ್ನು ಎಳೆಯುತ್ತದೆ. ಅಂಚಿನಿಂದ ನಾಲ್ಕೈದು ಮಿಲಿಮೀಟರ್ ಅಂಟಿಲ್ಲದ ಜಾಗ ಬಿಟ್ಟು, ಮೂಲೆಯನ್ನು ಇನ್ನಷ್ಟು ದುಂಡಗೆ ಮಾಡಿದರೆ ಈ ತೊಂದರೆ ನೀಗುತ್ತದೆ.

ದೊಡ್ಡ ಕೊರತೆಯಿರುವುದು ಹಿಂಬದಿಯಲ್ಲಿ. ಅಂಗಾತ ಮಲಗಿದಾಗ ಸ್ರಾವವು ಪೃಷ್ಠದ ಸೀಳಿನ ಗುಂಟ ಹಿಂದಕ್ಕೆ ಹರಿಯುತ್ತದೆ. ಅಲ್ಲಿ ದೇಹ ಒಳಕ್ಕೆ ತಗ್ಗಿರುವಾಗ ಪ್ಯಾಡ್ ಚಪ್ಪಟೆಯಾಗಿದ್ದರೆ ಎರಡಕ್ಕೂ ನಡುವೆ ಒಂದು ಕಾಲುವೆಯೇ ಏರ್ಪಡುತ್ತದೆ, ಪ್ಯಾಡಿನ ಉದ್ದ ಎಷ್ಟಿದ್ದರೂ ದ್ರವ ಅದನ್ನು ಮುಟ್ಟದೆಯೇ ಸೊಂಟದತ್ತ ಹೋಗುತ್ತದೆ. ಇದರ ಚಡಿಗಳು ಹಿಂಬದಿಯ ತುದಿಗೆ ಬರುವಷ್ಟರಲ್ಲಿ ಮಾಯವಾಗಿವೆ. ಎರಡನೆಯ ದಿನದ ರಾತ್ರಿ, ನಾಲ್ಕರಲ್ಲಿ ಮೂರು ತಿಂಗಳು, ಹಾಸಿಗೆಗೆ ಕಲೆಯಾಯಿತು. ಪ್ಯಾಡನ್ನು ಮೂರು ಬೆರಳಷ್ಟು ಹಿಂದಕ್ಕೆ ಸರಿಸಿ ಅಂಟಿಸಿದಾಗ ಹಿಂದೆ ಸೋರಲಿಲ್ಲವಾದರೂ, ಮಗ್ಗುಲಾಗಿ ಬೋರಲು ತಿರುಗಿದಾಗ ಮುಂದೆ ಸೋರಿತು. ಹಿಂಬದಿಯನ್ನು ಬೀಸಣಿಗೆಯಂತೆ ಅಗಲ ಮಾಡುವುದರ ಜೊತೆಗೆ, ನಡುವೆ ಆ ತಗ್ಗನ್ನು ತುಂಬುವಂಥ ಮೆತ್ತನೆಯ ದಿಂಡೊಂದು ಎದ್ದಿರಬೇಕು, ಅಗಲವೊಂದೇ ಸಾಲದು.

ಇದನ್ನು ಕೊಳ್ಳುವವರು ಒಂದು ವಿಷಯವನ್ನು ಗಮನದಲ್ಲಿ ಇಟ್ಟುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ. ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದುಹೋಗಿ, ಹಾಗೆಯೇ ಹಲವು ಗಂಟೆ ಮುಂದುವರಿದರೆ, ಇನ್ನೊಂದು ಬಗೆಯ ಪ್ಯಾಡನ್ನು ಹುಡುಕುತ್ತಾ ದಿನ ಕಳೆಯದೆ ವೈದ್ಯರನ್ನು ಕಾಣಬೇಕು.

ನನ್ನ ಮಟ್ಟಿಗೆ ಹಗಲು ಹೊತ್ತಿಗೆ, ನಾಲ್ಕು ಗಂಟೆಗೊಮ್ಮೆ ಬದಲಿಸುವಂತಿದ್ದರೆ, ಇದನ್ನೇ ಮುಂದುವರಿಸುತ್ತೇನೆ. ರಾತ್ರಿಗೆ ಬೇರೊಂದನ್ನು ತಂದಿಟ್ಟುಕೊಂಡಿದ್ದೇನೆ. ಹಿಂಬದಿಯ ವಿನ್ಯಾಸ ಮತ್ತು ರೆಕ್ಕೆಯ ಅಂಟಿನ ಬಗ್ಗೆ ತಯಾರಕರಿಗೆ, ಅಳತೆಗಳ ಸಮೇತ ಚಿತ್ರ ಬರೆದು ಕಳುಹಿಸಿದ್ದೇನೆ.