ಅನೆಕ್ಸಿನ್ ಫೈವ್ ಕಿಟ್: ನಾಲ್ಕು ಸ್ಟಾರ್, ಒಂದು ಕಟ್ ಮಾಡಿದ್ದು ಮ್ಯಾನ್ಯುಯಲ್‌ಗೆ

ಪ್ಲೇಟ್‌ಲೆಟ್ ಪೊರೇಲಿ ಲಿಪಿಡ್ (ಕೊಬ್ಬಿನಂಥ ಅಣು) ಒಂದು ಪದರದಿಂದ ಇನ್ನೊಂದಕ್ಕೆ ಹೇಗೆ ಮಗುಚತ್ತೆ ನೋಡೋಣ ಅಂತ ಈ ಕಿಟ್ ತಗೊಂಡೆ. ಇದರಲ್ಲಿರೋ ಅನೆಕ್ಸಿನ್ ಅನ್ನೋದು ಹೊಳೆಯೋ ಬಣ್ಣ ಹಚ್ಚಿದ ಪ್ರೋಟೀನ್, ಫಾಸ್ಫಾಟಿಡಿಲ್‌ಸೀರೀನ್ ಅನ್ನೋ ಲಿಪಿಡ್ ಹೊರಪದರಕ್ಕೆ ಬಂದ್ರೆ ಅದಕ್ಕೆ ಅಂಟತ್ತೆ. ಸುಮ್ನಿರೋ ಕಣದಲ್ಲಿ ಫಾಸ್ಫಾಟಿಡಿಲ್‌ಸೀರೀನ್ ಒಳಪದರದಲ್ಲೇ ಇರತ್ತೆ, ಫ್ಲಿಪ್ಪೇಸ್ ಅನ್ನೋ ಪೊರೆಯ ಪ್ರೋಟೀನ್ ಎಟಿಪಿ (ಕಣದ ಇಂಧನ) ಖರ್ಚು ಮಾಡ್ಕೊಂಡು ಅದನ್ನ ಒಳಗೇ ಎಳೀತಾ ಇರತ್ತೆ, ಐಯನೋಫೋರ್ (ಕ್ಯಾಲ್ಸಿಯಂನ ಪೊರೆ ದಾಟಿಸೋ ರಾಸಾಯನಿಕ) ಹಾಕಿ ಕ್ಯಾಲ್ಸಿಯಂ ಒಳಗೆ ಬಿಟ್ರೆ ಫ್ಲಿಪ್ಪೇಸ್ ಮಂಕಾಗಿ ಸ್ಕ್ರ್ಯಾಂಬ್ಲೇಸ್ ಅನ್ನೋ ಇನ್ನೊಂದು ಪ್ರೋಟೀನ್ ಎದ್ದು ಎರಡೂ ಪದರ ಕಲಸಿಬಿಡತ್ತೆ, ಕೆಲವೇ ನಿಮಿಷಕ್ಕೆ ಹಸಿರು ಹೊಳಪು ಬಂತು ನೋಡಿ, ಸೂಪರ್! ಕೆಂಪು ರಕ್ತಕಣದಲ್ಲಿ ಅಷ್ಟು ಜೋರಿಲ್ಲ, ಅದು ಕಿಟ್ ತಪ್ಪಲ್ಲ ಬಿಡಿ. ಆದ್ರೆ ಅನೆಕ್ಸಿನ್ ಅಂಟೋಕೂ ಹೊರಗಡೆ ಕ್ಯಾಲ್ಸಿಯಂ ಬೇಕು ಅನ್ನೋದನ್ನ ಮ್ಯಾನ್ಯುಯಲ್‌ನಲ್ಲಿ ಎಲ್ಲೋ ಮೂಲೇಲಿ ಬರ್ದಿದ್ದಾರೆ, ನಾನು ಇಡಿಟಿಎ (ಕ್ಯಾಲ್ಸಿಯಂನ ಹಿಡಿದಿಟ್ಟುಬಿಡೋ ರಾಸಾಯನಿಕ) ಇರೋ ಬಫರಲ್ಲಿ ತೊಳೆದು ಎರಡು ದಿನ ಹಾಳು ಮಾಡ್ಕೊಂಡೆ. ಕಿಟ್‌ನ ಬೈಂಡಿಂಗ್ ಬಫರಲ್ಲಿ (ಅನೆಕ್ಸಿನ್ ಅಂಟಿಸೋ ದ್ರಾವಣ) 2.5 ಮಿಲಿಮೋಲಾರ್ ಕ್ಯಾಲ್ಸಿಯಂ ಇದೆ, ಅದರಲ್ಲೇ ತೊಳೀರಿ.