ಟರ್ಬೊ ಎಂಜಿನ್‌ಗೆ ಫ್ಯುಯೆಲ್ ಪ್ರೆಷರ್ ರೆಗ್ಯುಲೇಟರ್: ಡಬ್ಬಿಯ ಮೇಲಿನ ಅಶ್ವಶಕ್ತಿಯನ್ನು ನೋಡಿ ಕೊಳ್ಳಬೇಡಿ

ನನ್ನ ಹಳೆಯ ಸ್ಕೋಡಾ ಆಕ್ಟೇವಿಯಾ ಆರ್‌ಎಸ್‌ನ 1.8 ಲೀಟರ್ ಎಂಜಿನ್‌ಗೆ ದೊಡ್ಡ ಟರ್ಬೊ, ದೊಡ್ಡ ಇಂಜೆಕ್ಟರ್ ಮತ್ತು ಗಂಟೆಗೆ 255 ಲೀಟರ್ ತಳ್ಳುವ ಪಂಪನ್ನು ಕೂರಿಸಿಕೊಂಡ ಮೇಲೆ, ಕಾರು ಚಾಮುಂಡಿ ಬೆಟ್ಟವನ್ನು ಸಲೀಸಾಗಿ ಏರುತ್ತಿತ್ತು. ಆದರೆ ಸಿಗ್ನಲ್‌ನಲ್ಲಿ ನಿಂತರೆ ಸಾಕು, ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು, ಸೈಲೆನ್ಸರ್ ತುದಿಯಲ್ಲಿ ಕಪ್ಪು ಮಸಿ ಕಟ್ಟುತ್ತಿತ್ತು. ಜಾಸ್ತಿ ಶಕ್ತಿ ಬೇಕೆಂದು ಮಾಡಿದ ಕೆಲಸದ ತೊಂದರೆ ಐಡಲ್‌ನಲ್ಲಿ, ಅಂದರೆ ಎಂಜಿನ್ ಸುಮ್ಮನೆ ಓಡುವಾಗ, ಕಾಣಿಸಿಕೊಂಡದ್ದು ನನಗೆ ವಿಚಿತ್ರವೆನಿಸಿತು. ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಗ್ಯಾರೇಜಿನಲ್ಲಿ ರೈಲ್‌ಗೆ (ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ಗೇಜ್ ಹಾಕಿ ನೋಡಿದಾಗ, 2.4 ಬಾರ್ ಆಸುಪಾಸು ಇರಬೇಕಾಗಿದ್ದ ಒತ್ತಡ 3.2ರಲ್ಲಿ ನಿಂತಿತ್ತು. "ಸಾರ್, ಬರೋದನ್ನ ದೊಡ್ಡದು ಮಾಡಿ ವಾಪಸ್ ಹೋಗೋ ದಾರೀನ ಸಣ್ಣದಾಗೇ ಬಿಟ್ರೆ ಪೆಟ್ರೋಲು ಎಲ್ಲಿಗ್ ಹೋಗ್ಬೇಕು?" ಎಂದು ಮೆಕ್ಯಾನಿಕ್ ಕೇಳಿದ ಪ್ರಶ್ನೆಯಲ್ಲೇ ಉತ್ತರವೂ ಇತ್ತು.

ರೆಗ್ಯುಲೇಟರ್ ಎಂದರೆ ಬರುವ ಪೆಟ್ರೋಲನ್ನು ತಡೆದು ಬಿಡುವ ನಲ್ಲಿ ಎಂದು ಅನೇಕರು ಭಾವಿಸಿದ್ದಾರೆ. ರಿಟರ್ನ್ ಲೈನ್ ಇರುವ ಎಂಜಿನ್‌ಗಳಲ್ಲಿ ಅದು ಕೆಲಸ ಮಾಡುವುದು ಕೆರೆಯ ಕೋಡಿಯ ಹಾಗೆ. ಪಂಪ್ ಸದಾ ಪೂರ್ತಿ ತಳ್ಳುತ್ತಲೇ ಇರುತ್ತದೆ. ಇಂಜೆಕ್ಟರ್‌ಗಳು ಬಳಸಿ ಮಿಕ್ಕದ್ದು ರೆಗ್ಯುಲೇಟರ್ ಮೂಲಕ ಟ್ಯಾಂಕ್‌ಗೆ ಮರಳುತ್ತದೆ. ಐಡಲ್‌ನಲ್ಲಿ ಇಂಥ ಎಂಜಿನ್ ಗಂಟೆಗೆ ಕುಡಿಯುವುದು ಒಂದು ಲೀಟರಿನ ಆಸುಪಾಸು ಮಾತ್ರ. ಹಾಗಾದರೆ ಉಳಿದ ಇನ್ನೂರೈವತ್ತಕ್ಕೂ ಹೆಚ್ಚು ಲೀಟರ್ ರೆಗ್ಯುಲೇಟರ್‌ನ ಸಣ್ಣ ಸೀಟ್ (ಕವಾಟ ಕೂರುವ ಕಿಂಡಿ) ದಾಟಿ ಹೋಗಬೇಕು. ಅದೇ ಎಂಜಿನ್ 250 ಅಶ್ವಶಕ್ತಿ ಕೊಡುವಾಗ ಗಂಟೆಗೆ ಸುಮಾರು 90 ಲೀಟರ್ ದರದಲ್ಲಿ ಉರಿಸುವುದರಿಂದ ರೆಗ್ಯುಲೇಟರ್‌ನ ಹೊರೆ ಅಷ್ಟು ಇಳಿಯುತ್ತದೆ. ಕೋಡಿ ಕಿರಿದಾದರೆ ಕೆರೆಯ ಮಟ್ಟ ಏರುತ್ತದೆ. ನನ್ನ ರೈಲ್‌ನಲ್ಲಿ ಆದದ್ದೂ ಅಷ್ಟೇ. ಕಾರಿನೊಂದಿಗೆ ಬಂದ ರೆಗ್ಯುಲೇಟರ್‌ದು ಇದರಲ್ಲಿ ಏನೂ ತಪ್ಪಿಲ್ಲ, ಅದನ್ನು ಅಳೆದದ್ದು ಮೂಲ ಪಂಪ್‌ಗೆ. ಹೀಗಾಗಿ ರೆಗ್ಯುಲೇಟರ್ ಕೊಳ್ಳುವವರು ಮೊದಲು ಕೇಳಬೇಕಾದದ್ದು "ಎಷ್ಟು ಅಶ್ವಶಕ್ತಿಗೆ" ಎಂದಲ್ಲ, "ನನ್ನ ಪಂಪ್ ಐಡಲ್‌ನಲ್ಲಿ ತಳ್ಳುವಷ್ಟನ್ನೂ ಇದು ವಾಪಸ್ ಬಿಡುತ್ತದೆಯೇ" ಎಂದು.

ನಾನು ಮೊದಲು ಕೊಂಡದ್ದು ಆನ್‌ಲೈನ್‌ನಲ್ಲಿ ಸಿಕ್ಕ, ಹೆಸರಾಂತ ಕಂಪನಿಯೊಂದರ ರೂಪವನ್ನೇ ಹೋಲುವ ಅಗ್ಗದ ನಕಲನ್ನು. ಜೊತೆಗೆ ಎಣ್ಣೆ ತುಂಬಿದ ಒಂದು ಗೇಜ್ ಪುಕ್ಕಟೆ. ಮೂರು ತಿಂಗಳಾಗುವುದರೊಳಗೆ ಎಂಜಿನ್ ಮಿಸ್ ಹೊಡೆಯತೊಡಗಿತು. ಮ್ಯಾನಿಫೋಲ್ಡ್‌ನ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಒತ್ತಡವನ್ನು ರೆಗ್ಯುಲೇಟರ್‌ಗೆ ಮುಟ್ಟಿಸುವ ವ್ಯಾಕ್ಯೂಮ್ ಪೈಪನ್ನು ಅದರ ತಲೆಯಿಂದ ಕಿತ್ತು ಬೆರಳಿನಿಂದ ಒತ್ತಿದಾಗ ಎರಡು ಹನಿ ಪೆಟ್ರೋಲ್ ಬಿತ್ತು. ಆ ಪೈಪಿನಲ್ಲಿ ಗಾಳಿಯ ಹೊರತು ಏನೂ ಇರಕೂಡದು. ಪೆಟ್ರೋಲ್ ಇದೆಯೆಂದರೆ ಒಳಗಿನ ಡಯಾಫ್ರಮ್ (ತೆಳು ರಬ್ಬರ್ ಪೊರೆ) ಹರಿದಿದೆ, ಪೆಟ್ರೋಲ್ ನೇರವಾಗಿ ಮ್ಯಾನಿಫೋಲ್ಡ್‌ಗೆ ಸೋರುತ್ತಿದೆ ಎಂದರ್ಥ. ಬಿಚ್ಚಿ ನೋಡಿದರೆ ರಬ್ಬರ್ ಒಣಗಿದ ಹಪ್ಪಳದ ಹಾಗೆ ಗಡುಸಾಗಿ ಅಂಚಿನಲ್ಲಿ ಸೀಳಿತ್ತು. ಈಗ ಬಂಕ್‌ಗಳಲ್ಲಿ ಸಿಗುವುದು ಶೇ 20ರಷ್ಟು ಎಥೆನಾಲ್ ಬೆರೆತ ಪೆಟ್ರೋಲ್. ಮಂಡ್ಯ ಸೀಮೆಯಲ್ಲಿ ಕಾಕಂಬಿಯಿಂದ ಎಥೆನಾಲ್ ಬರುತ್ತದೆಂಬುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ, ಆದರೆ ಅದೇ ಎಥೆನಾಲ್ ಸಾಮಾನ್ಯ ದರ್ಜೆಯ ರಬ್ಬರನ್ನು ಕೆಡಿಸುತ್ತದೆ ಎಂಬುದನ್ನು ಕೊಳ್ಳುವಾಗ ನಾನು ಯೋಚಿಸಿರಲಿಲ್ಲ. ಡಯಾಫ್ರಮ್ ಮತ್ತು ಓ-ರಿಂಗ್‌ಗಳು ಎಥೆನಾಲ್ ತಡೆಯುತ್ತವೆಯೆಂದು ತಯಾರಕರು ಬರೆದು ಹೇಳದ ರೆಗ್ಯುಲೇಟರನ್ನು ಈಗ ನಾನು ಮುಟ್ಟುವುದೂ ಇಲ್ಲ.

ಪುಕ್ಕಟೆ ಬಂದ ಗೇಜ್ ಇನ್ನೊಂದು ಮೋಸ. ಎಣ್ಣೆ ತುಂಬಿ ಮುಚ್ಚಿದ ಗೇಜ್ ಬಾನೆಟ್ಟಿನ ಕೆಳಗೆ ಬಿಸಿಯಾದಾಗ ಅದರ ಒಳಗಿನ ಒತ್ತಡವೇ ಹೆಚ್ಚಿ ಮುಳ್ಳು ತಪ್ಪು ತೋರಿಸುತ್ತದೆ. ಅದನ್ನು ನಂಬಿ ನಾನು ಎರಡು ಸಲ ಸ್ಕ್ರೂ ತಿರುಗಿಸಿದ್ದೆ.

ಎರಡನೆಯ ಸಲ ಆಸ್ಟ್ರೇಲಿಯಾದ ಟರ್ಬೊಸ್ಮಾರ್ಟ್ ಕಂಪನಿಯ ಎಫ್‌ಪಿಆರ್ 800 ತರಿಸಿದೆ. ಹೆಸರಿನಲ್ಲಿರುವ 800 ಕಂಪನಿ ಹೇಳುವ ಅಶ್ವಶಕ್ತಿಯ ಮಿತಿ. ನನ್ನ ಕಾರು ಅದರ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲವಾದ್ದರಿಂದ ಆ ಅಂಕಿಯಿಂದ ನನಗೆ ಪ್ರಯೋಜನವಿಲ್ಲ. ನಾನು ನೋಡಿದ್ದು ಬೇರೆಯದನ್ನು: ಒಂದು ಬಾರ್ ಬೂಸ್ಟ್ (ಟರ್ಬೊ ತುಂಬುವ ಗಾಳಿಯ ಒತ್ತಡ) ಏರಿದರೆ ರೈಲ್ ಒತ್ತಡವೂ ಸರಿಯಾಗಿ ಒಂದು ಬಾರ್ ಏರುವ 1:1 ಅನುಪಾತ. ಇಂಜೆಕ್ಟರ್‌ನ ಹರಿವು ನಿಂತಿರುವುದು ರೈಲ್ ಮತ್ತು ಮ್ಯಾನಿಫೋಲ್ಡ್‌ಗಳ ನಡುವಿನ ಒತ್ತಡದ ವ್ಯತ್ಯಾಸದ ಮೇಲೆ, ಅದೂ ಆ ವ್ಯತ್ಯಾಸದ ವರ್ಗಮೂಲಕ್ಕೆ ತಕ್ಕಂತೆ. ಮೂಲ ಒತ್ತಡ (ಬೂಸ್ಟ್, ವ್ಯಾಕ್ಯೂಮ್ ಎರಡೂ ಇಲ್ಲದಾಗಿನದು) 3 ಬಾರ್, ಬೂಸ್ಟ್ 1.3 ಬಾರ್ ಎಂದಾದರೆ ರೈಲ್‌ನಲ್ಲಿ 4.3 ಬಾರ್ ಇರಬೇಕು. ಅದು 3ರಲ್ಲೇ ಉಳಿದರೆ ವ್ಯತ್ಯಾಸ 1.7ಕ್ಕೆ ಕುಸಿದು ಪೆಟ್ರೋಲ್ ಕಾಲುಭಾಗದಷ್ಟು ಕಡಿಮೆಯಾಗುತ್ತದೆ, ಅತಿ ಹೆಚ್ಚು ಬೇಕಾದ ಹೊತ್ತಿನಲ್ಲಿ. ಸಿಲಿಂಡರಿನಲ್ಲಿ ಇಂಧನ ತಾನಾಗಿ ಸಿಡಿದು, ಅಂದರೆ ನಾಕ್ ಹೊಡೆದು, ಪಿಸ್ಟನ್ ಕರಗುವುದು ಹೀಗೆ. ಬೂಸ್ಟಿಗಿಂತ ವೇಗವಾಗಿ ಒತ್ತಡ ಏರಿಸುವ ರೆಗ್ಯುಲೇಟರ್‌ಗಳೂ ಇವೆ. ಇಸಿಯು (ಎಂಜಿನ್ನಿನ ಕಂಪ್ಯೂಟರ್) ಟ್ಯೂನ್ ಮಾಡದೆ ಟರ್ಬೊ ಕೂರಿಸುತ್ತಿದ್ದ ಕಾಲದ ಉಪಾಯ ಅದು, ಇಂದು ರೀಮ್ಯಾಪ್ ಮಾಡಿಸುವವರಿಗೆ ಅದರ ಅಗತ್ಯವಿಲ್ಲ.

ಅಳವಡಿಸುವಾಗ ಆದ ಎಡವಟ್ಟು ಪೂರ್ತಿ ನಮ್ಮದೇ. ಇದರ ಕಿಂಡಿಗಳು 1/8 ಎನ್‌ಪಿಟಿ ಅಳತೆಯ ಮರೆಯವು (ಸ್ಕ್ರೂ ಥ್ರೆಡ್), ಅಂದರೆ ತುದಿಗೆ ಹೋದಂತೆ ಕಿರಿದಾಗುವ ಮರೆ. ನಲ್ಲಿಗೆ ಸುತ್ತುವ ಬಿಳಿ ಟೇಪನ್ನೇ ಸುತ್ತಿ ಬಿಗಿದೆವು. ಮಾರನೆಯ ದಿನದಿಂದ ಎಂಜಿನ್ ಆರಿಸಿದ ಮರುಕ್ಷಣವೇ ಒತ್ತಡ ಸೊನ್ನೆಗೆ ಇಳಿದು, ಬಿಸಿ ಎಂಜಿನ್ ಸ್ಟಾರ್ಟ್ ಆಗಲು ಸತಾಯಿಸತೊಡಗಿತು. ಬಿಚ್ಚಿದಾಗ ಉಗುರಿನ ತುದಿಯಷ್ಟು ಟೇಪ್ ಚೂರು ಸೀಟ್ ಮೇಲೆ ಕುಳಿತಿತ್ತು. ಪೆಟ್ರೋಲ್ ತಡೆಯುವ ದ್ರವ ಸೀಲಂಟ್ ಬಳಸಿ ಮತ್ತೆ ಜೋಡಿಸಿದ ಮೇಲೆ ಆ ಕಾಟ ತಪ್ಪಿತು. ರಿಟರ್ನ್ ಪೈಪನ್ನೂ ಟ್ಯಾಂಕ್‌ವರೆಗೆ ದಪ್ಪದಕ್ಕೆ ಬದಲಿಸಿದೆವು, ಏಕೆಂದರೆ ಕೋಡಿಯನ್ನು ಅಗಲ ಮಾಡಿ ಅದರ ಮುಂದಿನ ಹಳ್ಳವನ್ನು ಕಿರಿದಾಗಿಯೇ ಬಿಟ್ಟರೆ ಮಟ್ಟ ಇಳಿಯುವುದಿಲ್ಲ.

ಮೂಲ ಒತ್ತಡ ಹೊಂದಿಸುವಾಗ ವ್ಯಾಕ್ಯೂಮ್ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಐಡಲ್‌ನಲ್ಲಿ 3 ಬಾರ್‌ಗೆ ನಿಲ್ಲಿಸಿ ಲಾಕ್‌ನಟ್ ಬಿಗಿಯಬೇಕು. ಪೈಪ್ ಮತ್ತೆ ಸಿಕ್ಕಿಸಿದಾಗ ಮ್ಯಾನಿಫೋಲ್ಡ್‌ನ ವ್ಯಾಕ್ಯೂಮ್‌ನಿಂದಾಗಿ ನನ್ನ ಮುಳ್ಳು 2.4ಕ್ಕೆ ಇಳಿದು ಅಲ್ಲೇ ನಿಂತಿತು. ಇಲ್ಲೊಂದು ಸಣ್ಣ ಸಂಗತಿ: ಮೈಸೂರು ಸಮುದ್ರಮಟ್ಟದಿಂದ 700 ಮೀಟರಿಗೂ ಹೆಚ್ಚು ಎತ್ತರದಲ್ಲಿರುವುದರಿಂದ ವಾಯುಭಾರ ಕಡಿಮೆ, ಹಾಗಾಗಿ ವ್ಯಾಕ್ಯೂಮ್ ಅಂಕಿಯೂ ಮಂಗಳೂರಿನಲ್ಲಿ ಕಾಣುವುದಕ್ಕಿಂತ ತುಸು ಕಡಿಮೆಯೇ ಇರುತ್ತದೆ, ಕರಾವಳಿಯವರ ಅಂಕಿಗೆ ಹೋಲಿಸಿ ಸ್ಕ್ರೂ ಮುಟ್ಟಬೇಡಿ. ಮೂಲ ಒತ್ತಡವನ್ನು 4 ಬಾರ್ ಮಾಡಿದರೆ ಹಳೆಯ ಇಂಜೆಕ್ಟರ್‌ಗಳಿಂದಲೇ ಶೇ 15ರಷ್ಟು ಹೆಚ್ಚು ಪೆಟ್ರೋಲ್ ಬರುತ್ತದೆಂಬ ಲೆಕ್ಕವೂ ನಿಜ, ಆದರೆ ಒತ್ತಡ ಏರಿದಂತೆ ಪಂಪಿನ ಹರಿವು ಇಳಿಯುತ್ತದೆ, ಇಂಜೆಕ್ಟರ್ ತೆರೆಯಲು ಹಿಡಿಯುವ ಸಮಯವೂ ಬದಲಾಗುತ್ತದೆ. ಇಸಿಯುಗೆ ತಿಳಿಸದೆ ಮಾಡಿದರೆ ಐಡಲ್ ಹಾಳಾಗುತ್ತದೆ.

ಎಂಟು ತಿಂಗಳಾಯಿತು. ಬೇಸಿಗೆಯಲ್ಲಿ ಮದ್ದೂರಿನ ಟ್ರಾಫಿಕ್‌ನಲ್ಲಿ ಅರ್ಧ ಗಂಟೆ ತೆವಳಿದಾಗಲೂ ಮುಳ್ಳು ಜಾಗ ಬಿಟ್ಟು ಕದಲಲಿಲ್ಲ. ಮುಂಜಾನೆ ಬೆಟ್ಟ ಹತ್ತುವಾಗ ದಾಖಲಿಸಿಕೊಂಡ ಲಾಗ್‌ನಲ್ಲಿ ರೈಲ್ ಒತ್ತಡದ ಗೆರೆ ಬೂಸ್ಟ್ ಗೆರೆಯ ಬೆನ್ನಿಗೇ ಅಂಟಿಕೊಂಡು ಏರಿದೆ. ಬೆಲೆ ನಕಲಿನ ಹಲವು ಪಟ್ಟು; ಆದರೂ ಎರಡು ಸಲ ಬಿಚ್ಚಿದ ಕೂಲಿ, ಹಾಳಾದ ಪ್ಲಗ್‌ಗಳು, ಕಳೆದುಹೋದ ಭಾನುವಾರಗಳನ್ನು ಸೇರಿಸಿದರೆ ನನಗೆ ದುಬಾರಿಯಾದದ್ದು ನಕಲೇ. ನಿಮ್ಮದು ಮೂಲ ಪಂಪ್ ಮತ್ತು ಮೂಲ ಟರ್ಬೊ ಆಗಿದ್ದರೆ ಇದನ್ನು ಕೊಳ್ಳುವ ಅಗತ್ಯವೇ ಇಲ್ಲ. ನೇರವಾಗಿ ಸಿಲಿಂಡರ್‌ಗೇ ಪೆಟ್ರೋಲ್ ಚಿಮ್ಮಿಸುವ ಈಚಿನ ಟಿಎಸ್‌ಐ ಎಂಜಿನ್‌ಗಳ ಇಂಧನ ವ್ಯವಸ್ಥೆಯೇ ಬೇರೆಯಾದ್ದರಿಂದ ಅವುಗಳ ಮಾಲೀಕರಿಗೂ ಇದು ಬೇಡ. ಹಾಕಿಸಿಕೊಳ್ಳುವವರು ಆ ವ್ಯಾಕ್ಯೂಮ್ ಪೈಪನ್ನು ಬೂಸ್ಟ್ ಗೇಜಿನ ಪೈಪಿಗೆ ಕವಲು ಹೊಡೆಯದೆ ನೇರ ಮ್ಯಾನಿಫೋಲ್ಡ್‌ನಿಂದಲೇ ತನ್ನಿ, ಎರಡು ತುದಿಗೂ ಕ್ಲಿಪ್ ಹಾಕಿಸಿ, ಪ್ರತಿ ಸಲ ಆಯಿಲ್ ಬದಲಿಸುವಾಗ ಅದನ್ನೊಮ್ಮೆ ಎಳೆದು ನೋಡಿ.